ಮಗ್ಗದ ಮನ್ಯಾಗ ಬದಾಮಿ ಕಿಲ್ಲಾ

ತಡೀ, ತಡೀ, ತಡೀ! ಆ ಗುದ್ದಲಿ ಕೆಳಗಿಡು ಮೊದಲ. ಅಲ್ಲಿ ಹೊಡೀಬ್ಯಾಡೋ ಹೊಳಬಸೂ, ನೀ ನಿಂತಿದ್ದು ಬದಾಮಿ ಹೊಂಡದ ನಟ್ಟ ನಡುವ! …ಏನು ನಗತಿ? ಹೋದ ಅಮಾಸಿಗೆ ಇದ ನೆಲದ ಮ್ಯಾಲ ಸಂಗಯ್ಯ ಮುಳುಗಿ ಎದ್ದಾನ, ಬೇಕಾರ ಅವನ್ನ ಕೇಳು. ಮಠದ ಅಯ್ಯ, ಸುಳ್ಳು ಹೇಳೂದಿಲ್ಲ. ಚಾಪಿ ಮ್ಯಾಲ ಕುಂತಾವ, ತೊಯ್ಸಿಕೊಂಡಾವರಂಗ ನಡಗಿದಾ!

ಇಲ್ಲ ಇಲ್ಲ, ನಾ ಎರಡನೇ ಮಗ್ಗ ಬ್ಯಾಡ ಅನ್ನಾಕತ್ತಿಲ್ಲ. ಹಾಕು. ಗುಳೇದಗುಡ್ಡದಾಗ ಹುಟ್ಟಿ ಮಗ್ಗ ಬ್ಯಾಡ ಅಂದ್ರ ನಾಲಿಗಿ ಬಿದ್ದು ಹೋದೀತು. ಹಾಕು, ಆದ್ರ ಇಲ್ಲಿ ಬ್ಯಾಡ. ಈ ಮೂಲಿ ಬ್ಯಾಡ. ಇವತ್ತ ಬ್ಯಾಡ. …ಯಾಕಂದ್ರ? ಅದನ್ನ ಹೇಳಾಕ ಓಡಿ ಬಂದೇನಿ, ಉಸಿರು ನೋಡು ನಂದು. ಅಬ್ದುಲಸಾಬನ ಸೈಕಲ್ ಅಂಗಡಿ ಮುಂದ ಚಾ ಕುಡ್ಯಾಕತ್ತಿದ್ದೆ. ಅಂವ ಅಂದ, ‘ಲೇ ಅಮಾತೆಪ್ಪ, ಹೊಳಬಸಪ್ಪ ನನ್ನ ಗುದ್ದಲಿ ಒಯ್ದಾನ, ಇವತ್ತ ಅಮಾಸಿ, ಹೆಂಗೂ ಮಗ್ಗ ಸುಮ್ನಿರ್ತೈತಿ, ಹೊಸಾ ಮಗ್ಗಕ್ಕ ಕಾಲು ಇಳಿಬಿಡೂ ಕುಣಿ ತೋಡ್ತಾನಂತ.’ ಚಾ ಅಲ್ಲೇ ಬಿಟ್ಟೆ! ಬಶಿಗೆ ಹಾಕಿ ಊದಿ ಆರಿಸಿದ್ದ ಚಾ!

ನೀನ ಹೇಳು, ನಿನ್ನ ಪಡಸಾಲಿ ಎಷ್ಟೈತಿ? ಹಳೇ ಮಗ್ಗ ಅಷ್ಟು ನುಂಗೇತಿ. ನೂಲಿನ ಗಂಟು ಇಷ್ಟು ನುಂಗೇತಿ. ಉಳದದ್ದು ಈ ಒಂದು ಚಾಪಿ ಜಾಗಾ. ಇದನ್ನೂ ಕುಣಿ ನುಂಗಿದ್ರ ನಾ ಕಿಲ್ಲಾ ಎಲ್ಲಿ ಕಟ್ಟಲಿ? ರಾಕ್ಷಸಗೋಳು ಎಲ್ಲಿ ನಿಂದರಬೇಕು, ನಿನ್ನ ತಲಿ ಮ್ಯಾಲ?

ಹೂಂ, ಗೊತ್ತೈತಿ, ಗೊತ್ತೈತಿ. ‘ನಿನ್ನ ಹುಡಗಾಟಕ್ಕ ನನ್ನ ಮನೀನ ಆಗಬೇಕೇನು’ ಅಂತಿ. ಬಾಯಿ ತೆರಿಯೂದ ಬ್ಯಾಡ, ಮೂಗಿನ ಮ್ಯಾಲ ಕಾಣಾಕತ್ತೇತಿ. ನಿನಗ ಆಟ ಗೊತ್ತಿಲ್ಲ, ಅದು ಕಷ್ಟ. ಅಮಾಸಿ ಬಂದ್ರ ನೀ ಕುಬಸದ ಖಣದ ಗಂಟು ಹೊತ್ತು ಪ್ಯಾಟಿಗೆ ಹೋಗ್ತಿ, ಸಂಜಿಗೆ ಬಂದು ಬೈತಿ. ಆಡೂದು ಒಮ್ಮೆನೂ ನೋಡಿಲ್ಲ. ಕೂಡು. ಗುದ್ದಲಿ ಮ್ಯಾಲರ ಕೂಡು, ಎಲ್ಲೆರ ಕೂಡು.

ನಾ ಬದಾಮಿ ಲಾಡ್ಜಿನ್ಯಾಗ ನೀರು ಹೊರತಿದ್ನಲ್ಲ, ಎಂಬತ್ತೆರಡರಾಗ? ಆಗ ಇಬ್ಬರು ಬಿಳೇ ಮಂದಿ ಬಂದಿದ್ರು. ಗಂಡ ಹೆಂಡ್ತಿನೋ ಅಣ್ಣ ತಂಗಿನೋ, ಇವತ್ತಿಗೂ ಗೊತ್ತಿಲ್ಲ. ಗುಹಾ ನೋಡಾಕ ಬಂದ್ರು, ಬಸ್ ಬಂದ್ ಆದ್ವು, ಸಿಕ್ಕೊಂಡ್ರು. ಖೋಲ್ಯಾಗ ಹಾಳಿ ಹಾಸಿ, ಚೌಕ ಚೌಕ ಗೆರಿ ಹೊಡದು, ಮ್ಯಾಲ ಬಾಟ್ಲಿ ಬೂಚು ಇಟ್ಟು ಆಡಾವ್ರು. ನಾ ಬಿಸಿನೀರು ಒಯ್ದಾವ, ‘ಪಗಡಿ ಏನ್ರಿ ಸಾಹೇಬರ?’ ಅಂದೆ. ಅವ್ರಿಗೆ ಮೂರನೇ ಮನಶ್ಯಾ ಬೇಕಾಗಿದ್ದ, ಕೈ ಹಿಡದು ಕುಂದರ್ಸಿದ್ರು! ನನ್ನ ಇಂಗ್ಲಿಷು ಎಷ್ಟು? ‘ಯಸ್, ನೋ, ಹಾಟ್ ವಾಟರ್.’ ಅಷ್ಟರಾಗ ಒಂದು ರಾಕ್ಷಸನ್ನ ಕೊಂದೆ ನಾ!

ನೋಡು, ನಕ್ಕಿ! ನಗು, ಖರ್ಚಿಲ್ಲ.

ಆಟ ಅಂದ್ರ ಇಷ್ಟ: ಒಬ್ಬಾವ ಹೇಳಬೇಕು, ‘ಕಿಲ್ಲಾದ ಬಾಗಲದಾಗ ನಿಂತೀರಿ, ಒಳಗ ಕತ್ತಲ ಐತಿ, ಏನೋ ಉಸಿರಾಡಸಾಕತ್ತೇತಿ, ಏನು ಮಾಡ್ತೀರಿ?’ ಉಳದವ್ರು ಅನ್ನಬೇಕು, ‘ನಾ ಹಿಂಗ ಮಾಡ್ತೇನಿ, ನಾ ಹಂಗ ಮಾಡ್ತೇನಿ.’ ಆಮ್ಯಾಲ ದಾಳ ಒಗೀಬೇಕು. ಹೆಚ್ಚಿಗಿ ಬಿದ್ರ ಅಂದದ್ದು ಆತು, ಕಡಿಮಿ ಬಿದ್ರ ಬಿದ್ದಿ ನೀ. ಹೋಗಾಗ ಅವ್ರ ನನಗೊಂದು ದಾಳ ಕೊಟ್ಟು ಹೋದ್ರು. ಪಗಡಿ ದಾಳದಂಗಲ್ಲ, ಇಪ್ಪತ್ತು ಮಾರಿ ಅದಕ್ಕ, ಬಾರಿಹಣ್ಣಿನಂಗ ಉಳ್ಳತೈತಿ. …ಗೆಲ್ಲಾವ ಯಾರು? ಗೆಲ್ಲಾವ ಯಾರೂ ಇಲ್ಲೋ! ಅದ ಮಜಾ. ಮುಗಿಯೂದೂ ಇಲ್ಲ. ಮುಂದಿನ ಅಮಾಸಿಗೆ ಅಲ್ಲಿಂದನ ಶುರು.

ನಮ್ಮ ಅಬ್ದುಲಸಾಬ ಅದಾನಲ್ಲ, ಹಗಲೆಲ್ಲಾ ಪಂಕ್ಚರ್ ಹಚ್ಚಾವ, ಇಲ್ಲಿ ಬಂದ್ರ ಕುದರಿ ಸರದಾರ. ಎದಿ ಇಷ್ಟು ಮುಂದ! ‘ನನ್ನ ಕುದರಿ ಗಾಲಿ—’ ಅಂತಾನ, ನಾಲಿಗಿ ಕಡಕೋತಾನ. ಇನ್ನ ಸಂಗಯ್ಯ! ರಾಕ್ಷಸ ಎದುರಿಗೆ ಬಂದ್ರ ಕತ್ತಿ ತಗಿಯೂದಿಲ್ಲ ಅಂವ. ‘ಏನಪಾ, ಊಟಾತೇನು?’ ಅಂತಾನ! ನಾ ಅಂದೆ, ಅಯ್ಯಾರ, ಅದು ಮನಶ್ಯಾರನ್ನ ತಿನ್ನೂದ್ರಿ. ಅಂವ ಅಂದ, ‘ಹಸದೇತಿ ಅದಕ್ಕ ತಿಂತೈತಿ.’ ದಾಳ ಒಗದ, ಹತ್ತೊಂಬತ್ತು ಬಿತ್ತು! ಏನು ಮಾಡ್ಲಿ? ರಾಕ್ಷಸ ಚಕ್ಕಳಬಕ್ಕಳ ಹಾಕಿ ಕುಂತು ಉಂಡು, ಅಡಿಕಿ ಹಾಕ್ಕೊಂಡು, ದಾರಿ ಬಿಟ್ಟು ಹೋತು!

ಇನ್ನಾ ಯಾರು ಅಂದ್ರ… ಇನ್ನಾರೂ ಇಲ್ಲ. ಒಳಗಿಂದ ಒಮ್ಮೊಮ್ಮೆ ನಿನ್ನ ತಂಗಿ ಒಂದು ಮಾತು ಒಗೀತಾಳ, ಅಷ್ಟ. ರೊಟ್ಟಿ ಬಡಕೋತ. ‘ಎಡಕ್ಕ ಹೋಗಬ್ಯಾಡ್ರಿ, ಅಲ್ಲಿ ಮೆಟ್ಟಲಾ ಮುರದಾವ’ ಅಂತ. ಆಟ ಅಲ್ಲ ಅದು, ಬರೇ ಮಾತು. ನಿಮ್ಮವ್ವ ಹುಚ್ಚವ್ವತ್ತಿ ಇಲ್ಲೇ ಹೊಚ್ಚಲ ಮ್ಯಾಲ ಕುಂತಿರ್ತಾಳ ಯಾವಾಗೂ. ಇವತ್ತೊಂದ ಕೂಡಲಸಂಗಮಕ್ಕ ಹೋಗ್ಯಾಳ, ಹೌದಿಲ್ಲೋ?

ಜಾಗಾ ಸಾಲೂದಿಲ್ಲ ಅಂತಿ, ಅದಕ್ಕ ನಾ ಏನೇನು ಮಾಡೇನಿ ಅನ್ನೂದರ ಕೇಳು!

ಮೊದಲ ರಂಗೋಲಿ ಹುಡೀಲೆ ನೆಲದ ಮ್ಯಾಲ ಬರದ್ವಿ. ಬರದೆ. ನಾನ ಬರದೆ. ಬುರುಜು, ಬಾಗಲಾ, ಕಾವಲಿನವ್ರು, ಎಲ್ಲಾ ಚೌಕ ಚೌಕ. ಏನು ಚಂದಿತ್ತು! ಅಷ್ಟರಾಗ ಬಾಜೂ ಮನಿ ಕೋಳಿ ಬಂತು. ಸೀದಾ ಕಿಲ್ಲಾದೊಳಗ! ಅಬ್ದುಲಸಾಬ ಅದು ಆಟದಾಗಿಂದ ಅಂತ ತಿಳಕೊಂಡು, ‘ಇದಕ್ಕೆಷ್ಟು ಜೀವ?’ ಅಂತ ಕೇಳಿ ದಾಳ ಒಗದ! ಹುಚ್ಚವ್ವತ್ತಿ ಕಸಬರಗಿ ಹಿಡದು ಕೋಳಿ ಬೆನ್ನ ಹತ್ತಿದ್ಲು. ಕೋಳಿ ಹೋತು, ಬುರುಜು ಹೋತು, ಬಾಗಲಾ ಹೋತು. ಅಷ್ಟು ಲಗೂನ ಬದಾಮಿ ಕಿಲ್ಲಾ ಯಾವ ಪಾದಶಹನೂ ಗೆದ್ದಿರಾಕಿಲ್ಲ!

ಆಮ್ಯಾಲ ಊಟಕ್ಕ ಕೂಡೂ ಮಣಿ ಮ್ಯಾಲ. ಸೀಮಿಸುಣ್ಣದ ಗೆರಿ. ಕಿಲ್ಲಾದ ಬಾಗಲಾ ಹಿಡೀತು, ಕಿಲ್ಲಾ ಹಿಡೀಲಿಲ್ಲ! ಅಬ್ದುಲಸಾಬನ ಕುದರಿ ಅಂದ್ರ ಹುಣಸಿ ಬೀಜ, ಅದರ ಹಿಂಗಾಲು ಮಣಿ ಹೊರಗ. ‘ನನ್ನ ಕುದರಿ ಗಾಳ್ಯಾಗ ನಿಂತೈತಿ, ಬೀಳತೈತಿ’ ಅಂತ ಒಂದ ಸವನ ಒದರಿದ. ಅದೂ ಬಿಟ್ವಿ. ಆಮ್ಯಾಲ ಖಣದ ಡಿಸೈನ್ ಬರಿಯೂ ಹಾಳಿ. ಹೌದು, ನಿನ್ನ ಹಾಳೀನ. ನೀ ಬರೀದ ಬಿಟ್ಟದ್ದು ಅಷ್ಟ ತಗೊಂಡೇನಿ, ಸಿಟ್ಟಾಗಬ್ಯಾಡ. ನಿಮಗ ಒಂದು ಚೌಕ ಅಂದ್ರ ಒಂದು ಎಳಿ. ನಮಗ ಒಂದು ಚೌಕ ಅಂದ್ರ ಒಂದು ಹೆಜ್ಜಿ. ಎಳಿ ಎಣಿಸಿದಂಗ ಹೆಜ್ಜಿ ಎಣಿಸೂದು! ನೂಲು ಮುಗದ ಖಾಲಿ ಕಂಡಿಕಿ ನಿಂದರ್ಸಿದ್ರ ಬುರುಜು. ಆದ್ರ ಹಾಳಿ ಭಾಳ ಸಣ್ಣದು. ಗುಡ್ಡ ಹತ್ತೂದ್ರಾಗ ಹಾಳಿ ಮುಗೀತೈತಿ.

ಅವಾಗ ಹೊಳೀತು ನೋಡು! ಹೊಳಬಸೂ, ಇದನ್ನ ಕೇಳಿದ್ರ ನೀ ನನ್ನ ಬೆನ್ನು ಚಪ್ಪರಸ್ತಿ. ನೀ ಮಗ್ಗದಾಗ ಎಷ್ಟು ಉದ್ದ ಖಣ ನೇಯ್ತಿ? ಆ ಕೇರಿ ತನಕ ಹಾಸೂವಷ್ಟು. ಆದ್ರ ಕಣ್ಣ ಮುಂದ ಎಷ್ಟಿರ್ತೈತಿ? ಒಂದು ಗೇಣು. ನೇದದ್ದು ಹೊಟ್ಟಿ ಮುಂದಿನ ದಿಂಡಿಗೆ ಸುತ್ತಿಕೋತ ಹೋಗ್ತೈತಿ, ನೇಯೂದು ಆ ಕಡಿಂದ ಬರ್ತೈತಿ. ಮನಿ ಸಣ್ಣದು, ಬಟ್ಟಿ ಉದ್ದಂದು. ಜಗಳ ಐತೇನು? ಇಲ್ಲ! ಹಂಗ ಕಿಲ್ಲಾನೂ ಸುತ್ತಿಬಿಟ್ರ?

ಹಳೇ ಧೋತರ ಉದ್ದಕ ಹರದು, ಎರಡೂ ತುದಿಗೆ ಬಿದರಿನ ಕೋಲು. ಇತ್ತಾಗಿಂದ ಬಿಡೂದು, ಅತ್ತಾಗ ಸುತ್ತೂದು. ಎಲ್ಲಾ ಬದಾಮಿ ಒಂದು ಚಾಪ್ಯಾಗ! ಮ್ಯಾಲ ಮುಂದಿಂದು ಯಾರಿಗೂ ಕಾಣೂದಿಲ್ಲ. ಕೋಲು ತಿರವಿದ್ರನ ಗೊತ್ತು, ಬಾವಿ ಬಂತೋ, ಬಾಗಲಾ ಬಂತೋ, ಹುಲಿ ಬಂತೋ. ತಿರವೂ ಮುಂದ ಇಬ್ಬರೂ ಉಸಿರು ಹಿಡೀತಾರ! ಬಣ್ಣ ಏನು ಗೊತ್ತೈತೇನು? ಗ್ವಾಡಿಗೆ ಹಂಚಿನ ಮಸಿ, ಹೊಂಡಕ್ಕ ಬಟ್ಟಿ ನೀಲಿ, ಹಾದಿಗೆ ಅರಿಷಿಣ. ಬದಾಮಿ ಗುಡ್ಡ ಕೆಂಪು ಹೌದಿಲ್ಲೋ? ಅದಕ್ಕ ಖಾರದ ಪುಡಿ! ಅಬ್ದುಲಸಾಬ ಗುಡ್ಡ ಮುಟ್ಟಿದ ಕೈ ಕಣ್ಣಿಗೆ ಹಚ್ಚಿಕೊಂಡು… ಯಪ್ಪಾ ಯಪ್ಪಾ! ರಾಕ್ಷಸ ಬ್ಯಾಡ, ಗುಡ್ಡ ಸಾಕಾತು ಅವನಿಗೆ!

ಹಾಂ, ಹಿಂಗ ನಗಬೇಕು. ಎಷ್ಟು ದಿನಾ ಆಗಿತ್ತು ನೀ ನಕ್ಕು.

…ಏನು? ಅಬ್ದುಲಸಾಬನ ಅಂಗಡ್ಯಾಗ ಆಡ್ರಿ ಅಂತಿಯೇನು? ಅಲ್ಲಿ ಆಗೂದಿಲ್ಲಪಾ. ಗ್ರೀಸು. ಎಣ್ಣಿ. ಗಿರಾಕಿ. ನಡುವ ಒಬ್ಬಾವ ಬಂದು ಗಾಳಿ ಹಾಕು ಅಂತಾನ, ಸರದಾರ ಕುದರಿ ಬಿಟ್ಟು ಪಂಪ್ ಹೊಡ್ಯಾಕ ಹೋಗ್ತಾನ.

ಮಠದ ಅಂಗಳ? ದೊಡ್ಡದೈತಿ, ಹೌದು. ದೊಡ್ಡದು ಅಂದ್ರ ಭಾಳ ದೊಡ್ಡದು. ಅಷ್ಟು ದೊಡ್ಡದು ಬ್ಯಾಡ ನಮಗ. ಗಾಳಿ ಬರ್ತೈತಿ, ಕಿಲ್ಲಾ ಹಾರತೈತಿ. …ಗಾಳಿ ಇಲ್ಲ ಇವತ್ತ? ಗಾಳಿ ಇಲ್ಲಂದ್ರ ಬಿಸಲು. ಬೇವಿನ ಗಿಡ ಐತಿ, ಐತಿ, ನೆರಳೂ ಐತಿ. ಗಿಡದಾಗ ಕಾಗಿ ಇಲ್ಲೇನು? ಮ್ಯಾಲಿಂದ ಹೇತ್ರ ಏನು ಮಾಡೂದು?

ಸಾಲಿ ಕಟ್ಟಿ! ಲೇ, ನಾಲ್ಕನೇತ್ತದಾಗ ಕಿಟಕಿ ಹಾರಿ ಓಡಿ ಬಂದಾವ ನಾ, ಈಗ ಅಲ್ಲಿಗೆ ಮತ್ತ ಹೋಗಲೇನು? ಮಾಸ್ತರ್ ಹಾಜರಿ ಕರದಾರು!

ನನ್ನ ಖೋಲಿ… ನನ್ನ ಖೋಲ್ಯಾಗ ತಗಣಿ. …ಹೌದು, ಹೋದ ವಾರ ಎಣ್ಣಿ ಹೊಡಸೇನಿ. ಆದ್ರೂ ಸಣ್ಣದು ಅದು, ಇಬ್ಬರಿಗೆ ಸಾಲೂದಿಲ್ಲ. ನಾಕು ಮಂದಿಗೆ ಅಂದೆ. ನಾಕು ಮಂದಿಗೆ ಸಾಲೂದಿಲ್ಲ ಅಂದೆ. …ಮೂರ ಮಂದಿ, ಹೌದು, ಮೂರ ಮಂದಿ ಆಡೂದು. ನೀ ಏನು ಕರಣಿಕನಂಗ ಮಂದಿ ಎಣಸಾಕತ್ತೀಪಾ!

ಏ, ಏಳಬ್ಯಾಡ. ಗುದ್ದಲಿ ಬಿಡು. ಒಂದ ಒಂದು ಕಥಿ ಹೇಳ್ತೇನಿ, ಆಮ್ಯಾಲ ಬೇಕಾರ ತೋಡು. ಸಂಗಯ್ಯ ಹೆಂಗ ಮುಳುಗಿದಾ ಅನ್ನೂದು. ಹೊಟ್ಟಿ ಹಿಡಕೊಂಡು ನಗದಿದ್ರ ನನ್ನ ಹೆಸರ ಬದಲ ಮಾಡು.

ಹೋದ ಅಮಾಸಿ. ಕೋಲು ತಿರವೀನಿ, ಗುಹಾ ಬಂದಾವ. ನೀ ಬದಾಮಿ ಗುಹಾ ನೋಡೀಯಲ್ಲ? ಮೆಟ್ಟಲಾ ಇಳದು ನಿಂತ್ರ ಬಲಗಡಿ ಹೊಂಡ, ಎಡಗಡಿ ಊರು. ಸಂಗಯ್ಯ ಬನಶಂಕರಿಗೆ ಹೋದಾಗೊಮ್ಮೆ ಅಲ್ಲಿ ಅಡ್ಡಾಡಿದಾವ, ಕಣ್ಣು ಮುಚ್ಚಿ ನಡೀತಾನ. ರಾಕ್ಷಸ ಇಲ್ಲ, ಹುಲಿ ಇಲ್ಲ, ಆರಾಮ ಕುಂತಾವ ಅಂದ, ‘ನಾ ಇಳದು ಎಡಕ್ಕ ಊರಾಗ ಹೋಗಿ ಚಾ ಕುಡೀತೇನಿ.’ ನಾ ಅಂದೆ, ಹೋಗ್ರಿ. ಅಂವ ಬೀಜ ಸರಸಿದ, ಒಂದು ಚೌಕ, ಎರಡು ಚೌಕ… ನೋಡ್ತೇವಿ, ನೀಲಿ! ಹೊಂಡದಾಗ ಅದಾನ! ನಕಾಶ್ಯಾಗ ಊರು ಬಲಕ್ಕ, ಹೊಂಡ ಎಡಕ್ಕ! ಎಲ್ಲಾ ಬದಾಮಿ ಉಲ್ಟಾ! ಅಬ್ದುಲಸಾಬ ‘ಅಯ್ಯಾರ, ಈಸು ಬರ್ತೈತೇನ್ರಿ?’ ಅಂತ ಕೇಳಿದ. ಸಂಗಯ್ಯ ಎರಡೂ ಕೈ ಮ್ಯಾಲ ಮಾಡಿ, ‘ಇಲ್ಲೋ, ಹಿಡಕೊಳ್ರೋ!’ ದಾಳ ಒಗದ್ರ ಒಂದು ಬಿತ್ತು! ಲಿಂಗ ಎತ್ತಿ ಹಿಡಕೊಂಡು ಮುಳುಗಿದಾ!

ಹಹ್ಹಹ್ಹಾ! ಯಾಕ ಉಲ್ಟಾ ಆತು ಗೊತ್ತೈತೇನು? ಖಣ! ನೀವು ಖಣ ಬೋರಲು ನೇಯ್ತೀರಲ್ಲ, ಮಾರಿ ಕೆಳಗ, ಬೆನ್ನು ಮ್ಯಾಲ? ಹುಟ್ಟಿದಾಗಿಂದ ಬೆನ್ನಿನ ಕಡಿಂದ ನೋಡಿ ನೋಡಿ ಕೈಗೆ ರೂಢಿ ಬಿದ್ದೈತಿ! ಬಲಕ್ಕ ಬರಬೇಕಾದ ಹೂವು ಎಡಕ್ಕ ಬರಕೋತ ಬರಕೋತ, ಬದಾಮೀನೂ ಹಂಗ ಎಡಕ್ಕಿಂದು ಬಲಕ್ಕ… ನೇಕಾರ ಕೈ ಅಂದ್ರ…

…

ಯಾಕ ನಗವಲ್ಲಿ?

ಈಗ ನಗಾಕತ್ತಿದ್ದಿ.

ಹಂಗ್ಯಾಕ ನೋಡ್ತಿ? ನನ್ನ ಕೈಯಾಗ ಏನೈತಿ? …ನಾನೂ ಕುಂತಿದ್ದೆ ಮಗ್ಗಕ್ಕ. ಸಣ್ಣಾವಿದ್ದಾಗ. ನಮ್ಮಪ್ಪ ಕುಂದರ್ಸಿದ್ದ. ಎರಡು ದಿನಾ. …ಒಂದು ದಿನಾ. ಎಳಿ ಹರದು ಓಡಿ ಹೋಗಿದ್ದೆ, ನೀನ ಹುಡಕಿ ಹಿಡದು ತಂದಿದ್ದಿ.

ಮಾತಾಡೋ.

ಒಳಗ ರೊಟ್ಟಿ ಬಡಿಯೂದು ನಿಂತೈತಲ್ಲ… ಶಿವಬಸವ್ವಾ, ರೊಟ್ಟಿ ಸೀದೀತು ನೋಡವಾ… ಹೂಂ. ಆಕಿನೂ ಮಾತಾಡಾಕಿಲ್ಲ. ಅಣ್ಣ ತಂಗಿ ಇಬ್ಬರೂ ಕೂಡಿ ನನ್ನೊಬ್ಬನ್ನ ಮಾತಿಗೆ ಬಿಟ್ಟೀರಿ.

ಹೌದು.

ನಕಾಶಿ ಆಕಿದು. ಎಲ್ಲಾ ಆಕಿದು. ರಂಗೋಲಿನೂ, ಹಾಳಿನೂ, ಧೋತರನೂ. ಕೋಲಿಗೆ ಸುತ್ತೂದು ಆಕಿಗೇನ ಹೊಳದದ್ದು, ನನಗೆಲ್ಲಿ ಹೊಳೀತೈತಿ? ಆಕಿ ಬದಾಮಿ ಕಿಲ್ಲಾ ಹತ್ತಿಲ್ಲ, ಹೊಳಬಸೂ. ಇಲ್ಲಿಂದ ಎಷ್ಟು ದೂರ ಐತಿ? ಒಮ್ಮೆನೂ ಹತ್ತಿಲ್ಲ. ನಾ ಹೇಳ್ಕೋತ ಹೋದೆ, ಆಕಿ ಬರಕೋತ ಹೋದ್ಲು. ‘ಮೆಟ್ಟಲಾ ಎಷ್ಟು ಎತ್ತರ ಅದಾವ? ಇಬ್ಬರು ಜೋಡಿ ಹತ್ತಾಕ ಬರ್ತೈತೇನು, ಒಬ್ಬರ ಹಿಂದ ಒಬ್ಬರ ಹೋಗಬೇಕೇನು?’ ಅಂತ ಕೇಳತಿದ್ಲು. ನಾ ಅಷ್ಟು ಊರು ತಿರಗೇನಿ, ಮೆಟ್ಟಲಾ ನೋಡೇ ಇಲ್ಲ ನಾ! ಆಕಿ ಕೇಳಿದ ಮ್ಯಾಲ ಬಸ್ ಹತ್ತಿ ಹೋಗಿ ನೋಡಿಕೊಂಡು ಬಂದೆ. ನಂದು ಬರೇ ಬಾಯಿ. ಕಿಲ್ಲಾ ಆಕಿದು.

ಕೆಟ್ಟ ನಡತಿ ಏನೂ ಇಲ್ಲ. ನಿಮ್ಮವ್ವ ಹೊಚ್ಚಲದಾಗ, ಬಾಗಲಾ ಅಗಲ ತೆರದು. ಅದನ್ನ ಕೇಳಾವ ನೀ, ಅಲ್ಲ?

ಅಲ್ಲ. ಅದನ್ನಲ್ಲ ನೀ ಕೇಳೂದು.

ಈ ಎರಡನೇ ಮಗ್ಗ ಆಕಿಗಂತ ಹಾಕಾಕತ್ತಿ, ಗೊತ್ತೈತಿ ನನಗ. ಗಂಡ ಸತ್ತು ತವರಿಗೆ ಬಂದಾಕಿ, ಯಾರ ಕೈ ಕೆಳಗೂ ಇರಬಾರದು, ತನ್ನ ಅನ್ನ ತಾ ದುಡೀಲಿ ಅಂತ. ನಿನ್ನ ಮನಸ ಚೊಲೋದು. ಅದಕ್ಕ ಆಕಿ ಇಲ್ಲ ಅನ್ನಾಕಿಲ್ಲ. ನಿನ್ನೆ ನನಗ ಅಂದ್ಲು, ‘ಅಣ್ಣ ಕುಣಿ ತೋಡಿದಾ ಅಂದ್ರ ನಾ ಕೂಡತೇನಿ. ಕುಂತ ಮ್ಯಾಲ ನನ್ನ ಎಬ್ಬಿಸಾಕ ಬರಬ್ಯಾಡ. ಕೇಳೂದಿದ್ರ ಅದಕ್ಕ ಮೊದಲ ಕೇಳು.’ ಅದಕ್ಕ ಓಡಿ ಬಂದೆ. ಚಾ ಬಿಟ್ಟು ಓಡಿ ಬಂದು… ಹೊಂಡ, ಕೋಳಿ, ಖಾರದ ಪುಡಿ… ಏನೇನು ಮಾತಾಡಿದೆ ನೋಡು, ಇದೊಂದ ಬಾಯಾಗ ಬರಲಿಲ್ಲ.

ಆಕಿನ್ನ ಉಡಿಕಿ ಮಾಡಿ ಕೊಡು ನನಗ, ಮರುಮದವಿ. ನಾಕು ಮಂದಿ ಹಿರ್ಯಾರ ಮುಂದ, ಸಂಗಯ್ಯನ ಕಡಿಂದನ. ಇಳಕಲ್ಲಿಗೆ ಹೋಗೂದು ಅಂತ ಮಾತಾಗೇತಿ ನಮ್ಮದು. ಅಲ್ಲಿ ಕಲ್ಲಿನ ಕೆಲಸದಾಗ ನನ್ನ ಗುರತಿನವ್ರು ಅದಾರ. ಕುಣಿ ತೋಡಬ್ಯಾಡ, ಹೊಳಬಸೂ. ಅದರಾಗ ಕೂಡಾಕ ಆಕಿ ಇರೂದಿಲ್ಲ… ನೀ ಹೂಂ ಅಂದ್ರ. ನೀ ಹೂಂ ಅಂದ್ರಷ್ಟ.

…

ಬೈ, ಬೇಕಾರ. ಉಂಡಾಡಿ ಅನ್ನು, ರೂಢಿ ಐತಿ.

ಕೆಳಗೇನು ನೋಡ್ತಿ? ಚಪ್ಪಲಿ? ಹಾಂ, ಓಡಿ ಬಂದ ಅವಸರದಾಗ ಬಿಟ್ಟಿಲ್ಲ, ಒಳಗನ ಬಂದುಬಿಟ್ಟೇನಿ. ಸವದಾವ, ಹೌದು. ಹುನಗುಂದದಾಗ ಹೋಟೆಲ್, ಬಾಗಲಕೋಟ್ಯಾಗ ಸಿಮಿಟಿ ಚೀಲ, ಬದಾಮ್ಯಾಗ ನೀರು. ಒಂದ ಕಡೆ ನಿಂದರೂ ಕಾಲಲ್ಲ ಇವು. ಅದನ್ನ ಅನ್ನಾಕತ್ತಿ ನೀ. ಸುಮ್ಮನಿದ್ದೂ ಅನ್ನಾಕತ್ತಿ. ಇಳಕಲ್ಲಿಗೆ ಕರಕೊಂಡು ಹೋಗಿ ಅಲ್ಲಿಂದ ಎಲ್ಲಿಗೆ, ಅಂತ. …ನನಗ ಗೊತ್ತಿಲ್ಲ, ಹೊಳಬಸೂ. ಖರೇನ ಗೊತ್ತಿಲ್ಲ. ಆದ್ರ ಹೋದ ವರ್ಷ ದೀಪಾವಳಿಗೆ ಬಂದಾವ ಇನ್ನೂ ಇದ ಊರಾಗ ಅದೇನಿ, ಲೆಕ್ಕಾ ಹಾಕಿ ನೋಡು. ನನಗ ಗೊತ್ತಿಲ್ಲದಂಗ ಇದ್ದಬಿಟ್ಟೇನಿ.

ಎಲ್ಲಿಗೆ ಎದ್ದಿ? ಏ… ಏ, ಕಾಲ್ಯಾಕ ಹಿಡೀತಿ? ಬಿಡೋ, ನನಗಿಂತ ಹಿರ್ಯಾ ನೀ! ಎಳದು ಕೆಡವತಿಯೇನು? ಕೆಡವು, ಆದ್ರ ಹೇಳಿ ಕೆಡವು… ಮಣಕಾಲ ಮ್ಯಾಲ ಹೆಬ್ಬೆರಳು ಯಾಕ ಒತ್ತಿದಿ? ಕಚಗುಳಿ ಆಗ್ತೈತಿ!

ಗೇಣು ಹಾಕಾಕತ್ತೀಯಾ?

ಮಣಕಾಲಿಂದ ಹಿಮ್ಮಡಕ್ಕ… ಇದು… ನಮ್ಮಪ್ಪ ನನಗ ಹಿಂಗ ಹಾಕಿದ್ದ. ಮಗ್ಗದಾಗ ಕೂಡಾವನ ಕಾಲು ಎಷ್ಟುದ್ದೋ ಕುಣಿ ಅಷ್ಟ ಆಳ ತೋಡೂದು…

ಲೇ.

ನನ್ನ ಕಾಲೋ ಇದು. ನಂದು!

ನಾನಾ? ಇಲ್ಲಿ? ಇದ ಚಾಪಿ ಜಾಗಾದಾಗ, ನಿನ್ನ ಬಾಜೂ? ಆಕಿ ಜೋಡಿ ಇಲ್ಲೇ ಇದ್ದು ಖಣ ನೇಯಾಕ? ಎಳಿ ಹರೀತೇನಿ ನಾ! ದಿನಾ ಹರೀತೇನಿ! ನೀ ಬೈಕೋತ ಬೈಕೋತ ಸಾಯ್ತಿ! …ತಲಿ ಅಲ್ಲಾಡಿಸಬ್ಯಾಡ, ಬಾಯಿಲೆ ಹೇಳು. ಶಿವಬಸವ್ವಾ! ಹೊರಗ ಬಾ ಒಮ್ಮೆ, ನಿಮ್ಮಣ್ಣನ್ನ ನೋಡು ಬಾ, ಹೂಂ ಅನ್ನವಲ್ಲ ಊಹೂಂ ಅನ್ನವಲ್ಲ, ಬರೇ ಗೇಣು ಹಾಕಾಕತ್ತಾನ! …ಬಂದಿ? ಹಿಟ್ಟಿನ ಕೈಲೆ ಬಾಯಿ ಯಾಕ ಮುಚ್ಚಿಕೊಂಡಿ? ನಗಾಕತ್ತೀಯೋ ಅಳಾಕತ್ತೀಯೋ, ಮಾರಿ ಎಲ್ಲಾ ಬೆಳ್ಳಗ ಆಗೇತಿ…

ತಡಿ ತಡಿ, ಹೊಳಬಸೂ, ತಪ್ಪಾಕತ್ತೇತಿ ನಿನ್ನ ಅಳತಿ. ಚಪ್ಪಲಿ ಒಂದು ಬಿಡ್ತೇನಿ.

ಹಾಂ. ನೆಟ್ಟಗ ನಿಂತೇನಿ. ಈಗ ಹಾಕು.